ಸರ್ವಿಸ್ ಬಾಕಿ ಇರುವ ಹಳೆ ಬಾಕ್ಸ್‌ಸ್ಟರ್ ಕೊಳ್ಳುವ ಮುನ್ನ

ಬಟ್ಟೆಯ ಮೇಲ್ಛಾವಣಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಪೋರ್ಶೆ ಬಾಕ್ಸ್‌ಸ್ಟರ್. ಹದಿನೈದು ವರ್ಷ ದಾಟಿದ ಅಂಥ ಗಾಡಿಯ ಮೀಟರ್ ಬರೀ 22,000 ಕಿ.ಮೀ. ತೋರಿಸಿದರೆ ಅಲ್ಲೇ ಎಚ್ಚರಗೊಳ್ಳಿ. ನಿಂತ ಗಾಡಿಯಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಕೆಡುತ್ತದೆ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ ಬಿಲ್ಲುಗಳಿದ್ದು 80,000 ಓಡಿದ ಗಾಡಿ ಎಷ್ಟೋ ಮೇಲು. ಇಲ್ಲಿ ಹೇಳುವುದು 2005ರಿಂದ 2012ರವರೆಗಿನ 987 ಮಾದರಿಯ ಮಾತು.

ಮೊದಲು ಇಂಜಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ. 2009ರ ಮಾದರಿಯಿಂದ ಬಂದ ಹೊಸ ಇಂಜಿನ್‌ನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟೇ (ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ಚೈನಿನ ಮೂಲಕ ವಾಲ್ವ್‌ಗಳ ಕಡೆಗೆ ದಾಟಿಸುವ ಶಾಫ್ಟ್) ಇಲ್ಲ. ಅದಕ್ಕೂ ಹಿಂದಿನವುಗಳಲ್ಲಿ ಆ ಶಾಫ್ಟಿನ ಬೇರಿಂಗ್, ಅಂದರೆ ಎಲ್ಲರೂ ಹೆದರುವ ಐಎಂಎಸ್ ಬೇರಿಂಗ್ ಇದೆ. ಇದು ಸೀಲ್ ಮಾಡಿದ ಬೇರಿಂಗ್. ವಯಸ್ಸಾದಂತೆ ಸೀಲ್ ಸೋತು, ಒಳಗಿನ ಗ್ರೀಸ್ ಕರಗಿಹೋಗಿ, ಹಳಸಿದ ಆಯಿಲ್ ಒಳಗೆ ನಿಲ್ಲುತ್ತದೆ. ಬೇರಿಂಗ್ ಒಡೆದರೆ ಚೈನಿನ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಇಂಜಿನ್ ಅಲ್ಲಿಗೆ ಮುಗಿದಂತೆ. ಆರಂಭದ ಕೆಲವು ಇಂಜಿನ್‌ಗಳಲ್ಲಿರುವ ಚಿಕ್ಕ ಬೇರಿಂಗನ್ನು ಗೇರ್‌ಬಾಕ್ಸ್ ಇಳಿಸಿ ಬದಲಿಸಬಹುದು. ಆಮೇಲೆ ಬಂದ ದೊಡ್ಡ ಬೇರಿಂಗ್ ಹೆಚ್ಚು ಗಟ್ಟಿ, ಆದರೆ ಇಂಜಿನ್ ಕೇಸ್ ಬಿಚ್ಚದೆ ಅದು ಹೊರಗೆ ಬರುವುದಿಲ್ಲ. ಯಾವುದಿದೆ ಎಂಬುದನ್ನು ಇಂಜಿನ್ ನಂಬರ್ ಕೊಟ್ಟು, ಪೋರ್ಶೆ ಬಲ್ಲ ಗ್ಯಾರೇಜಿನಲ್ಲಿ ಕೇಳಿ ತಿಳಿಯಿರಿ.

ಗಾಡಿ ನೋಡಲು ಹೋಗುವ ದಿನ ಇಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಸೈಲೆನ್ಸರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ, ಮುಜುಗರ ಬೇಡ. ತಣ್ಣಗಿನ ಸ್ಟಾರ್ಟಿನಲ್ಲಿ ಒಂದೆರಡು ಸೆಕೆಂಡು ಚೈನಿನ ಸದ್ದು, ಒಂದು ಸಲದ ನೀಲಿ ಹೊಗೆ ಇದ್ದರೆ ಚಿಂತೆಯಿಲ್ಲ. ಸಿಲಿಂಡರ್‌ಗಳು ಅಡ್ಡಲಾಗಿ ಮಲಗಿರುವುದರಿಂದ ಒಂದಿಷ್ಟು ಆಯಿಲ್ ಒಳಗೆ ಜಿನುಗಿರುತ್ತದೆ. ನೀಲಿ ಹೊಗೆ ನಿಲ್ಲದಿದ್ದರೆ ಮಾತು ಬೇರೆ. ಬಿಳಿ ಹೊಗೆ ಮೋಡದಂತೆ ಎದ್ದರೆ ಏರ್-ಆಯಿಲ್ ಸೆಪರೇಟರ್ (ಇಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಹೋಗಿರುವ ಸಾಧ್ಯತೆ ಹೆಚ್ಚು. ಐಡಲ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ಎತ್ತಿ ನೋಡಿ: ಒಳಗಿನಿಂದ ಬಿಗಿಯಾಗಿ ಎಳೆದು ಹಿಡಿದಂತಾದರೆ ಅನುಮಾನ ನಿಜವೆಂದೇ ಲೆಕ್ಕ.

ಇಂಜಿನ್ ಬಿಸಿಯಾದ ಮೇಲೆ ಟಿಕ್ ಟಿಕ್ ಸದ್ದು, ಒಂದು ಬದಿಯಲ್ಲಿ ಮಾತ್ರ ಹೆಚ್ಚು ಮಸಿ, ಆಯಿಲ್ ಬೇಗ ಕಡಿಮೆಯಾಗುವುದು, ಈ ಮೂರೂ ಸೇರಿದರೆ ಸಿಲಿಂಡರ್ ಗೋಡೆಗೆ ಗೀರು ಬಿದ್ದಿರಬಹುದು. 2008ರವರೆಗಿನ 3.4 ಲೀಟರ್ ಇಂಜಿನ್‌ನಲ್ಲಿ ಇದರ ಭಯ ಹೆಚ್ಚು, ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ 4ರಿಂದ 6ನೇ ಸಿಲಿಂಡರ್. ಬೋರ್‌ಸ್ಕೋಪ್ (ತೆಳು ಕೊಳವೆಯ ತುದಿಯ ಕ್ಯಾಮೆರಾ) ಇಳಿಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಪ್ಲಗ್ ತೂತಿನಿಂದ ಗೋಡೆಯ ಮೇಲ್ಭಾಗ ಮಾತ್ರ ಚೆನ್ನಾಗಿ ಕಾಣುತ್ತದೆ. ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ಪಾತ್ರೆ, ಬಿಚ್ಚಿ ಕೆಳಗಿನಿಂದ ನೋಡುವುದೇ ಸರಿಯಾದ ದಾರಿ.

ಸಂಪ್ ಬಿಚ್ಚಿದಾಗ ತಳ ನೋಡಿ. ಕಂದು ಪ್ಲಾಸ್ಟಿಕ್ ಚೂರುಗಳು ಚೈನ್ ಗೈಡಿನವು. ಆಯಿಲ್ ಫಿಲ್ಟರಿನ ಕಾಗದ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ, ಮ್ಯಾಗ್ನೆಟ್ ಆಡಿಸಿ. ಅಂಟಿಕೊಳ್ಳುವ ಹೊಳಪು ಚೂರುಗಳು ಉಕ್ಕಿನವು, ಬೇರಿಂಗ್ ಮೇಲೆ ಗುಮಾನಿ. ಅಂಟದವು ಅಲ್ಯೂಮಿನಿಯಂ ಆಗಿರಬಹುದು, ಪಿಸ್ಟನ್ ಮತ್ತು ಸಿಲಿಂಡರ್ ಕಡೆ ನೋಡಿ. ಇಷ್ಟಕ್ಕೆ ಒಪ್ಪದ ಮಾರಾಟಗಾರರ ಗಾಡಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು, ಬಣ್ಣ ಎಷ್ಟೇ ಚೆಂದವಿರಲಿ.

ಡಯಾಗ್ನಾಸ್ಟಿಕ್ ಸ್ಕ್ಯಾನರ್ ಹಾಕಿದಾಗ ಎರಡೂ ಬದಿಯ ಕ್ಯಾಮ್ ಡೀವಿಯೇಶನ್ (ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇರಬೇಕಾದ ಕೋನದಿಂದ ಎಷ್ಟು ಸರಿದಿದೆ ಎಂಬ ಅಳತೆ) ಓದಿಸಿ; ಬಿಸಿ ಇಂಜಿನ್‌ನ ಐಡಲ್‌ನಲ್ಲಿ ಅದು 6 ಡಿಗ್ರಿಯೊಳಗಿರಬೇಕು. ಓವರ್‌ರೆವ್ ದಾಖಲೆಯನ್ನೂ ತೆಗೆಸಿ. ತಪ್ಪು ಗೇರಿಗೆ ಇಳಿಸಿದಾಗ ಇಂಜಿನ್ ಮಿತಿ ಮೀರಿ ತಿರುಗುವುದನ್ನು ರೆವ್ ಲಿಮಿಟರ್ ತಡೆಯಲಾರದು, ಅದರ ಗುರುತು ಅಲ್ಲಿ ಉಳಿದಿರುತ್ತದೆ.

ಗಾಡಿಯನ್ನು ಲಿಫ್ಟಿಗೆ ಏರಿಸಿ. ಇಂಜಿನ್, ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೇವ ಮಾತ್ರವಿದ್ದರೆ ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಆಯಿಲ್ ತಡೆಯುವ ಸೀಲ್) ಕೆಲಸವನ್ನು ಕ್ಲಚ್ ಬದಲಿಸುವಾಗ ಸೇರಿಸಿಕೊಳ್ಳಬಹುದು. ಹನಿ ಬೀಳುತ್ತಿದ್ದರೆ ತಡ ಬೇಡ. ಚಿಕ್ಕ ಬೇರಿಂಗ್ ಇದ್ದರೆ ಅದನ್ನೂ ಅದೇ ಸಲ ಮುಗಿಸಿ, ಏಕೆಂದರೆ ದುಬಾರಿಯಾಗುವುದು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ವಾಟರ್ ಪಂಪ್ ಪುಲ್ಲಿಯನ್ನು ಕೈಯಲ್ಲಿ ಅಲುಗಿಸಿ, ಆಟ ಸಿಕ್ಕರೆ ಬದಲಿಸಿ. ಅದರ ರೆಕ್ಕೆ ಪ್ಲಾಸ್ಟಿಕ್ಕಿನದು, ಮುರಿದ ಚೂರು ಕೂಲಂಟ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಬಂಪರ್ ಹಿಂದೆ ಎರಡೂ ಬದಿ ರೇಡಿಯೇಟರುಗಳಿವೆ, ಅವುಗಳ ಮುಂದೆ ಎಸಿ ಕಂಡೆನ್ಸರ್. ಅಲ್ಲಿ ತರಗೆಲೆ ತುಂಬಿ ಒದ್ದೆಯಾಗಿ ಕೊಳೆತು ಲೋಹವನ್ನು ತಿನ್ನುತ್ತದೆ. ಮಂಗಳೂರು, ಮಡಿಕೇರಿ ಕಡೆಯ ಮಳೆಯಲ್ಲಿ ಮರದಡಿ ನಿಂತ ಗಾಡಿಯಾದರೆ ಬಂಪರ್ ಬಿಚ್ಚಿಸಿಯೇ ನೋಡಿ.

ಅದೇ ಮಳೆ ಬಟ್ಟೆಯ ಮೇಲ್ಛಾವಣಿಗೂ ಕಾಟ. ಮಡಚುವ ಜಾಗದ ಎರಡೂ ಮೂಲೆಯಲ್ಲಿ ನೀರು ಹರಿಯುವ ತೂತುಗಳಿವೆ. ಒಂದೊಂದು ಲೋಟ ನೀರು ಸುರಿದರೆ ಅದು ಹಿಂದಿನ ಚಕ್ರದ ಮುಂದೆ ಹೊರಬರಬೇಕು. ಬರದಿದ್ದರೆ ಸೀಟಿನಡಿಯ ಕಾರ್ಪೆಟ್ ಒತ್ತಿ ನೋಡಿ. ಒದ್ದೆ ಫೋಮ್ ಎಂದರೆ ವೈರಿಂಗಿಗೂ ನೀರು ತಾಗಿರಬಹುದು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 2318 ಎಂದರೆ 2018ರ 23ನೇ ವಾರ. ಆರು ವರ್ಷ ದಾಟಿದ್ದರೆ ಗೆರೆ ಎಷ್ಟಿದ್ದರೂ ನಾಲ್ಕು ಹೊಸ ಟೈರಿನ ಬೆಲೆ ಕಳೆಯಿರಿ. ಆರು ಪ್ಲಗ್, ಬಿರುಕು ಬಿಟ್ಟ ಕಾಯಿಲ್‌ಗಳು, ಬೆಲ್ಟ್, ಎರಡು ವರ್ಷಕ್ಕೊಮ್ಮೆ ಬದಲಾಗಬೇಕಾದ ಬ್ರೇಕ್ ಆಯಿಲ್ ಕೂಡ ಲೆಕ್ಕಕ್ಕೆ ಸೇರಲಿ. ಎರಡು ಗ್ಯಾರೇಜುಗಳಿಂದ ಬರಹದಲ್ಲಿ ಅಂದಾಜು ತೆಗೆದುಕೊಂಡು ಚೌಕಾಸಿಗೆ ಕೂಡಿ.

ಕಾಗದಪತ್ರದಲ್ಲಿ ಆರ್‌ಸಿಯ ಚಾಸಿಸ್ ನಂಬರನ್ನು ಗಾಡಿಯಲ್ಲಿರುವುದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸಾಲ ತೀರಿದ್ದರೆ ಫಾರ್ಮ್ 35, ಹೊರರಾಜ್ಯದ್ದಾದರೆ ಎನ್‌ಒಸಿ ಅಂದರೆ ಫಾರ್ಮ್ 28, ವರ್ಗಾವಣೆಗೆ 29 ಮತ್ತು 30. ಹೊರರಾಜ್ಯದ ಗಾಡಿಗೆ ಇಲ್ಲಿನ ಲೈಫ್‌ಟೈಮ್ ತೆರಿಗೆ ಎಷ್ಟಾಗುತ್ತದೆ, 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಆರ್‌ಟಿಒದಲ್ಲಿ ಕೇಳದೆ ಬೆಲೆ ಒಪ್ಪಬೇಡಿ.

ಕೊಂಡ ಮೇಲೆ ನಂದಿ ಬೆಟ್ಟದ ಕಡೆ ಓಡಿಸುವ ಆಸೆಯನ್ನು ಸ್ವಲ್ಪ ತಡೆಯಿರಿ. ಹಳೆ ಪೆಟ್ರೋಲ್ ಖಾಲಿ ಮಾಡಿಸಿ, ಬ್ರೇಕ್ ಆಯಿಲ್, ಕೂಲಂಟ್, ಬೆಲ್ಟ್ ಹೊಸದಾಗಲಿ. ಇಂಜಿನ್‌ಗೆ ಪೋರ್ಶೆ ಎ40 ಒಪ್ಪಿಗೆ ಇರುವ 0ಡಬ್ಲ್ಯು-40 ಆಯಿಲ್, ಎಂಟು ಲೀಟರ್ ಆಸುಪಾಸು ಬೇಕಾಗುತ್ತದೆ. ಪೂರ್ತಿ ಬಿಸಿಯಾಗುವವರೆಗೆ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. 500 ಕಿ.ಮೀ. ಆದ ಮೇಲೆ ಆಯಿಲನ್ನು ಮತ್ತೆ ಬದಲಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡಿ.