ಸೈಕಲ್ ಹೆಲ್ಮೆಟ್ ತಗೊಳ್ಳುವ ಮೊದಲು ತಲೆ ಅಳ್ತೆ ತೆಗೀರಿ

ನಮ್ಮ ಬದಿಯಡ್ಕ ಕಡೆ ತೋಟದ ಕೆಲಸದವರು ಅಡಿಕೆ ಹಾಳೆಯ ಮುಟ್ಟಾಳೆ, ಅಂದ್ರೆ ಟೊಪ್ಪಿ, ಮಾಡುವುದು ನೋಡಿದ್ದೀರಲ್ಲ, ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಮಡಚಿ, ಅವರವರ ತಲೆಗೇ ಇಟ್ಟು ನೋಡಿ ಆಮೇಲೆ ಹೊಲೀತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಸರಿಯಾಗಿ ಕೂರುವುದಿಲ್ಲ. ದುಡ್ಡು ಖರ್ಚಿಲ್ಲದ ಟೊಪ್ಪಿಗೇ ಅಷ್ಟು ಜಾಗ್ರತೆ. ನಾನು ಮಾತ್ರ ಮೊದಲ ಸಲ ಸೈಕಲ್ ಹೆಲ್ಮೆಟ್ ತಗೊಳ್ಳುವಾಗ ತಲೆ ಎಷ್ಟು ಅಂತ ನೋಡದೆ, ಫೋಟೋದ ಕೆಳಗೆ ಲೇಡೀಸ್ ಅಂತ ಇತ್ತು ಅಂತ ಒಂದು ಗುಲಾಬಿ ಬಣ್ಣದ್ದು ಆನ್‌ಲೈನಲ್ಲಿ ತರ್ಸಿದೆ. ಭಾನುವಾರ ಬೆಳಿಗ್ಗೆ ಕಾಸರಗೋಡು ಪೇಟೆಯಿಂದ ಬೇಕಲ ಕೋಟೆಗೆ ಹೊರಟದ್ದು, ಹದಿನಾರು ಕಿಲೋಮೀಟರ್ ಚಿಲ್ಲರೆ. ಚಂದ್ರಗಿರಿ ಸಂಕ ದಾಟುವಾಗ ಗಾಳಿ ಬಂತು ನೋಡಿ, ಹೆಲ್ಮೆಟ್ ಹಿಂದೆ ಜಾರಿ ಹಣೆ ಪೂರ್ತಿ ಖಾಲಿ, ಪಟ್ಟಿ ಗಂಟಲಿಗೆ ಬಂದು ಕೂತಿದೆ. ಪಾಲಕುನ್ನು ಮುಟ್ಟುವವರೆಗೆ ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ತಲೆಗೆ.

ಮನೆಗೆ ಬಂದು ರವಕೆ ಅಳ್ತೆಯ ಟೇಪು ಹಿಡಿದು ನೋಡಿದ್ರೆ ನನ್ನ ತಲೆ 57 ಸೆಂಟಿಮೀಟರ್, ಹೆಲ್ಮೆಟ್ ಒಳಗೆ ಬರ್ದದ್ದು 52ರಿಂದ 56. ನಮ್ಮವರದ್ದು ಅಳೆದ್ರೆ 56! ಇದು ಮನೆಯಲ್ಲಿ ಎರಡು ದಿನ ನಗೆಯಾಯ್ತು ಬಿಡಿ, ಆದ್ರೆ ಗೊತ್ತಾದದ್ದು ಇಷ್ಟು: ಹೆಂಗಸರ ಹೆಲ್ಮೆಟ್ ಅಂತ ಮಾರುವುದರಲ್ಲಿ ಹೆಚ್ಚಿನದ್ದು ಸಣ್ಣ ಸೈಜು, ಬೇರೆ ಬಣ್ಣ, ಹೆಚ್ಚೆಂದ್ರೆ ಹಿಂದೆ ಜುಟ್ಟು ಹೊರಗೆ ಬರ್ಲಿಕ್ಕೆ ಒಂದಿಷ್ಟು ಜಾಗ. ಹೆಂಗಸರಿಗೆ ಅಂತ ಬೇರೆ ಸುರಕ್ಷಾ ಪರೀಕ್ಷೆ ಏನೂ ಇಲ್ಲ. ನಿಮ್ಮ ತಲೆ 58 ಇದ್ರೆ ಗಂಡಸರ ಸಾಲಲ್ಲಿ ಇರುವ ಮೀಡಿಯಮ್ಮೇ ತಗೊಳ್ಳಿ, ನಾಚಿಕೆ ಎಂತಕ್ಕೆ.

ಅಳೆಯುವುದು ಹೀಗೆ. ಹುಬ್ಬಿಂದ ಎರಡು ಬೆರಳಷ್ಟು ಮೇಲೆ ಟೇಪು ಇಟ್ಟು, ಕಿವಿಯ ಮೇಲಿಂದ ಹಿಂದೆ ತಲೆ ಉಬ್ಬಿರುವಲ್ಲಿಗೆ ಸುತ್ತು ತರ್ಬೇಕು. ಹಿಂದೆ ಟೇಪು ಜಾರ್ತದೆ, ಹಾಗಾಗಿ ಇನ್ನೊಬ್ಬರ ಕೈಯಲ್ಲಿ ಹಿಡಿಸಿ, ಮೂರು ಸಲ ನೋಡಿ, ಜಾಸ್ತಿ ಬಂದದ್ದನ್ನು ಲೆಕ್ಕಕ್ಕೆ ಹಿಡೀರಿ. ಟೇಪು ಇಲ್ವಾ, ನೂಲು ಸುತ್ತಿ ಮಕ್ಕಳ ಸ್ಕೇಲಲ್ಲಿ ಅಳೆದ್ರೂ ಆಗ್ತದೆ. ಸೈಕಲಲ್ಲಿ ಹೋಗುವಾಗ ಕೂದಲು ಹೇಗೆ ಕಟ್ತೀರೋ ಹಾಗೇ ಕಟ್ಟಿಕೊಂಡು ಅಳೀಬೇಕು, ತಲೆಗೆ ಮಿಂದು ಕೂದಲು ಬಿಟ್ಟುಕೊಂಡಿರುವಾಗ ಅಲ್ಲ. ಸಾಧಾರಣ ಸ್ಮಾಲ್ ಅಂದ್ರೆ 51-55, ಮೀಡಿಯಂ 55-59, ಲಾರ್ಜ್ 59-63 ಅಂತ ಕೊಡ್ತಾರೆ, ಆದ್ರೆ ಕಂಪೆನಿಯಿಂದ ಕಂಪೆನಿಗೆ ಬದಲಾಗ್ತದೆ, ಎಸ್ಸು ಎಮ್ಮು ಅಕ್ಷರ ನಂಬಬೇಡಿ, ಸೆಂಟಿಮೀಟರೇ ನೋಡಿ. ಒಂದು ಅಂಗಡಿಯಲ್ಲಿ ನನ್ನತ್ರ "ಚೇಚೀ, ಇದು ಫ್ರೀ ಸೈಸ್" ಅಂದ್ರು. ಫ್ರೀ ಸೈಸ್ ಆಗ್ಲಿಕ್ಕೆ ಇದೇನು ನೈಟಿಯಾ ಮಾರಾಯ್ರೆ! ಹಿಂದೆ ತಿರುಗಿಸುವ ಡಯಲ್ ಉಂಟಲ್ಲ, ಅದು ಒಳಗಿನ ಪಟ್ಟಿಯನ್ನು ಬಿಗಿ ಮಾಡ್ತದೆ ಅಷ್ಟೇ, ಹೊರಗಿನ ಚಿಪ್ಪು ಸಣ್ಣದೂ ಆಗುವುದಿಲ್ಲ ದೊಡ್ಡದೂ ಆಗುವುದಿಲ್ಲ.

ಸುತ್ತಳತೆ ಸರಿ ಇದ್ದೂ ನೋವಾಗುವುದುಂಟು. ಅದು ತಲೆಯ ಆಕಾರದ ಸಮಸ್ಯೆ. ಕೆಲವರ ತಲೆ ಮೇಲಿಂದ ನೋಡಿದ್ರೆ ಉರುಟು, ಕೆಲವರದ್ದು ಮಾವಿನಕಾಯಿಯ ಹಾಗೆ ಉದ್ದ. ಹೆಲ್ಮೆಟ್ ಎರಡೂ ಕಿವಿಯ ಮೇಲೆ, ತಲೆಯ ಬದಿಗೆ ಒತ್ತಿ, ಹಣೆ ಎದುರು ಬೆರಳು ತೂರುವಷ್ಟು ಖಾಲಿ ಇದ್ರೆ ನಿಮ್ಮದು ಉರುಟು ತಲೆ, ಹೆಲ್ಮೆಟ್ ಉದ್ದದ್ದು. ಹಣೆಗೂ ಹಿಂದಕ್ಕೂ ಒತ್ತಿ ಬದಿಯಲ್ಲಿ ಅಲ್ಲಾಡಿದ್ರೆ ಉಲ್ಟಾ. ಇದನ್ನು ದಪ್ಪ ಪ್ಯಾಡ್ ಹಾಕಿ ಸರಿ ಮಾಡ್ಲಿಕ್ಕೆ ಹೋಗ್ಬೇಡಿ, ಬೇರೆ ಮಾಡೆಲ್ ನೋಡಿ. ಕೆಲವು ಕಂಪೆನಿಗಳು ಏಷ್ಯನ್ ಫಿಟ್ ಅಂತಲೇ ಸ್ವಲ್ಪ ಅಗಲದ್ದು ಮಾಡ್ತವೆ, ಉರುಟು ತಲೆಯವರು ಅದನ್ನು ಹಾಕಿ ನೋಡ್ಬಹುದು.

ಈಗ ಹಾಕಿ ನೋಡುವುದು. ಇದಕ್ಕೆ ಗಡಿಬಿಡಿ ಬೇಡ. ಹೆಲ್ಮೆಟ್ ತಲೆ ಮೇಲೆ ಸಪಾಟಾಗಿ ಕೂರ್ಬೇಕು, ಹುಬ್ಬಿಗೂ ಅದರ ಅಂಚಿಗೂ ಮಧ್ಯ ಎರಡು ಬೆರಳು, ಕಣ್ಣು ಮೇಲೆ ಎತ್ತಿದ್ರೆ ಅಂಚು ಕಾಣ್ಬೇಕು. ನಮ್ಮಲ್ಲಿ ಹೆಚ್ಚಿನವರು ಹಣೆ ಕಾಣ್ಲಿ, ಕುಂಕುಮ ಕಾಣ್ಲಿ ಅಂತ ಹಿಂದೆ ಸರಿಸಿ ಇಡ್ತಾರೆ, ಬಿದ್ರೆ ಮೊದಲು ನೆಲಕ್ಕೆ ತಾಗುವುದು ಅದೇ ಹಣೆ. ಪಟ್ಟಿ ಹಾಕದೆ ಡಯಲ್ ಮಾತ್ರ ಬಿಗಿ ಮಾಡಿ, ಬಗ್ಗಿ ತಲೆ ಕೊಡವಿ. ಬೀಳ್ಬಾರದು. ಎರಡು ಕೈಯಲ್ಲಿ ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದ್ರೆ ಹಣೆಯ ಚರ್ಮವೂ ಜೊತೆಗೆ ಹೋಗ್ಬೇಕು, ಹೆಲ್ಮೆಟ್ ಮಾತ್ರ ತಿರುಗಿದ್ರೆ ಸೈಜು ದೊಡ್ಡದಾಯ್ತು.

ಆಮೇಲೆ ಪಟ್ಟಿ. ಎದುರಿನ ಪಟ್ಟಿ ಹಿಂದಿನ ಪಟ್ಟಿ ಎರಡೂ ಕಿವಿಯ ಸ್ವಲ್ಪ ಕೆಳಗೆ ಸೇರ್ಬೇಕು, ಕಿವಿ ಮಧ್ಯದಲ್ಲಿ ಇರ್ಬೇಕು, ಪಟ್ಟಿ ಕಿವಿ ಮೇಲೆ ಹತ್ತಬಾರದು. ಅಲ್ಲಿರುವ ಪ್ಲಾಸ್ಟಿಕ್ ತುಂಡನ್ನು ಮೇಲೆ ಕೆಳಗೆ ಜಾರಿಸಿ ಸರಿ ಮಾಡುವುದು, ಇದನ್ನು ಹತ್ತರಲ್ಲಿ ಒಂಬತ್ತು ಜನ ಮುಟ್ಟುವುದೇ ಇಲ್ಲ ಅಂತ ನನಗೆ ಅನ್ನಿಸ್ತದೆ, ಅಂಗಡಿಯಿಂದ ಬಂದ ಹಾಗೇ ಹಾಕ್ತಾರೆ. ಗಲ್ಲದ ಕೆಳಗೆ ಒಂದು ಬೆರಳು ಹೋಗುವಷ್ಟು ಬಿಗಿ ಸಾಕು, ಎರಡಕ್ಕಿಂತ ಜಾಸ್ತಿ ಹೋಗ್ಬಾರದು. ಈಗ ದೊಡ್ಡದಾಗಿ ಆಕಳಿಸಿ, ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಎಳೆದ ಹಾಗಾಗ್ಬೇಕು. ಎಳೀಲಿಲ್ವಾ, ಪಟ್ಟಿ ಸಡಿಲ. ಕೊನೆಗೆ ಅಂಗೈಯಲ್ಲಿ ಎದುರಿನ ಅಂಚು ಹಿಡಿದು ಮೇಲೆ ಹಿಂದಕ್ಕೆ ತಳ್ಳಿ, ಹಣೆ ಬಿಟ್ಟು ಹೋದ್ರೆ ಎದುರಿನ ಪಟ್ಟಿ ಗಿಡ್ಡ ಮಾಡಿ. ಹಿಂದಿಂದ ತಳ್ಳುವಾಗ ಕಣ್ಣಿಗೆ ಬಂದ್ರೆ ಹಿಂದಿನದ್ದು ಬಿಗಿ ಮಾಡಿ. ಎಷ್ಟು ಮಾಡಿದ್ರೂ ಜಾರ್ತದೆ ಅಂದ್ರೆ ಅದು ನಿಮ್ಮ ಹೆಲ್ಮೆಟ್ ಅಲ್ಲ, ನನ್ನ ಗುಲಾಬಿಯದ್ದು ಹಾಗೇ ಆದದ್ದು, ಸಣ್ಣದಾಗಿ ನೆತ್ತಿ ಮೇಲೆ ಮುಟ್ಟಾಳೆ ಹಾಗೆ ಕೂತಿತ್ತು.

ಕೂದಲಿನ ವಿಷಯ ಬೇರೆಯೇ ಹೇಳ್ಬೇಕು. ತುರುಬು ಕಟ್ಟಿ ಹೆಲ್ಮೆಟ್ ಆಗುವುದಿಲ್ಲ, ಹಿಂದಿಂದ ಎತ್ತಿ ಹಣೆಗೆ ತಳ್ತದೆ. ಕತ್ತಿನ ಹತ್ರ ಕೆಳಗೆ ಒಂದು ಜಡೆ, ಅದು ಸಾಕು. ದೊಡ್ಡ ಕ್ಲಿಪ್ಪು, ಹೇರ್‌ಪಿನ್ನು ಒಳಗೆ ಇಡ್ಬೇಡಿ, ಬಿದ್ರೆ ಅದೇ ತಲೆಗೆ ಚುಚ್ಚುವುದು. ಜುಮ್ಕಿ ಪಟ್ಟಿಗೆ ಸಿಕ್ಕಿಕೊಳ್ತದೆ, ತೆಗೆದಿಟ್ಟೇ ಹೋಗಿ. ತೆಂಗಿನೆಣ್ಣೆ ಹಚ್ಚಿದ ದಿನ ಪ್ಯಾಡ್ ಜಾರುವುದೂ ಉಂಟು, ಎಣ್ಣೆ ಬೆವರು ಸೇರಿ ಬರುವ ವಾಸನೆಯೂ ಉಂಟು. ಶಾಲು, ಹಿಜಾಬ್ ಹಾಕುವ ಗೆಳತಿಯರು ತೆಳು ಹತ್ತಿಯದ್ದು ಒಂದೇ ಪದರ, ಮಡಿಕೆ ಗಂಟು ಪಿನ್ ಇಲ್ಲದ ಹಾಗೆ ಹಾಕಿ, ಅದರ ಮೇಲಿಂದಲೇ ಟೇಪು ಹಿಡಿದು ಅಳೀರಿ. ಕನ್ನಡಕ ಇದ್ರೆ ಮೊದಲು ಹೆಲ್ಮೆಟ್, ಆಮೇಲೆ ಕನ್ನಡಕ, ಕನ್ನಡಕದ ಕಾಲು ಪಟ್ಟಿಯ ಮೇಲಿಂದ ಬರ್ಲಿ, ಡಯಲಿನ ಪಟ್ಟಿಗೆ ತಾಗ್ತದಾ ನೋಡಿ.

"ನಾವು ಮೆಲ್ಲ ಹೋಗುವವರು, ಸೀತಾಂಗೋಳಿಯಿಂದ ಅನಂತಪುರಕ್ಕೆ ಹೋಗಿ ಕೆರೆ ನೋಡಿ ಬರುವವರಿಗೆ ಹೆಲ್ಮೆಟ್ ಎಂತಕ್ಕೆ" ಅಂತ ಕೇಳಿದವರಿದ್ದಾರೆ. ನೋಡಿ, ಯುರೋಪಿನ ಇಎನ್ 1078 ಪರೀಕ್ಷೆಯಲ್ಲಿ ಹೆಲ್ಮೆಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಪಾಟು ಕಬ್ಬಿಣದ ಮೇಲೆ ಬೀಳಿಸ್ತಾರೆ, ಅಮೆರಿಕದ ಸಿಪಿಎಸ್‌ಸಿ ಪರೀಕ್ಷೆಯಲ್ಲಿ ಎರಡು ಮೀಟರ್. ಸೈಕಲಲ್ಲಿ ಕೂತಾಗ ನಿಮ್ಮ ತಲೆ ನೆಲದಿಂದ ಹೆಚ್ಚುಕಮ್ಮಿ ಅಷ್ಟೇ ಮೇಲಿರುವುದು. ನಿಂತಲ್ಲೇ ವಾಲಿ ಬಿದ್ರೂ ತಲೆ ಆ ಎತ್ತರದಿಂದಲೇ ಬರ್ತದೆ. ಹಾಗಾಗಿ ಒಳಗೆ ಈ ಎರಡರಲ್ಲಿ ಒಂದರ ಗುರುತು ಇದೆಯಾ ನೋಡಿ ತಗೊಳ್ಳಿ, ಸಾವಿರ ರೂಪಾಯಿದ್ದಾದ್ರೂ ಹತ್ತು ಸಾವಿರದ್ದಾದ್ರೂ. ದುಡ್ಡು ಜಾಸ್ತಿ ಕೊಟ್ರೆ ಹಗುರ, ಗಾಳಿಕಿಂಡಿ ಜಾಸ್ತಿ, ಮಿಪ್ಸ್ ಅಂತ ಒಳಗೆ ಒಂದು ಜಾರುವ ಪದರ, ಓರೆಯಾಗಿ ಬಿದ್ದಾಗ ತಲೆ ತಿರುಚುವ ಪೆಟ್ಟು ಕಡಿಮೆ ಮಾಡ್ಲಿಕ್ಕೆ. ಒಳ್ಳೆಯದೇ. ಆದ್ರೆ ಅಳ್ತೆ ತಪ್ಪಿದ ಮಿಪ್ಸ್‌ಗಿಂತ ಅಳ್ತೆ ಸರಿಯಾದ ಸಾದಾ ಹೆಲ್ಮೆಟ್ ನನಗೆ ಸಾಕು. ನಮ್ಮ ಸೆಕೆಗೆ ಗಾಳಿಕಿಂಡಿಗೆ ಮಾತ್ರ ಸ್ವಲ್ಪ ಜಾಸ್ತಿ ಕೊಟ್ರೂ ನಷ್ಟವಿಲ್ಲ, ಏಪ್ರಿಲ್ ತಿಂಗಳಲ್ಲಿ ಗೊತ್ತಾಗ್ತದೆ. ಸ್ಕೂಟರಿನ ಹೆಲ್ಮೆಟನ್ನೇ ಹಾಕಿದ್ರೆ ಆಗ್ಲಿಕ್ಕಿಲ್ವಾ ಅಂದ್ರೆ ಪೆಡಲ್ ತುಳಿಯುವಾಗ ಆ ಭಾರಕ್ಕೆ ಕುತ್ತಿಗೆ ನೋಯ್ತದೆ, ಬೆವರಲ್ಲಿ ಮಿಂದ ಹಾಗಾಗ್ತದೆ, ಹಿಂದಿಂದ ಬರುವ ಬಸ್ಸಿನ ಶಬ್ದವೂ ಸರಿಯಾಗಿ ಕೇಳುವುದಿಲ್ಲ. ಉಲ್ಟಾ ಅಂತೂ ಮಾಡ್ಲೇಬೇಡಿ, ಸ್ಕೂಟರಿಗೆ ಐಎಸ್ 4151 ಬರ್ದ ಐಎಸ್‌ಐ ಗುರುತಿನದ್ದೇ ಬೇಕು.

ಒಳಗಿನ ಬಿಳಿ ಥರ್ಮಾಕೋಲಿನ ಹಾಗಿನ ಇಪಿಎಸ್ ಒಂದು ಪೆಟ್ಟಿಗೆ ಮಾತ್ರ. ಅದು ಜಜ್ಜಿಹೋಗಿಯೇ ತಲೆಯನ್ನು ಉಳಿಸುವುದು, ಮತ್ತೆ ಉಬ್ಬುವುದಿಲ್ಲ, ಹೊರಗೆ ಗೀರು ಕಾಣದಿದ್ರೂ ಬಿದ್ದ ಹೆಲ್ಮೆಟ್ ಕಸಕ್ಕೆ. ಯಾರೋ ಮಾರಿದ ಹಳತು ತಗೊಳ್ಬೇಡಿ, ಅದರ ಚರಿತ್ರೆ ನಿಮಗೆ ಗೊತ್ತಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡ್ಬೇಡಿ, ಪೆಟ್ರೋಲ್ ಥಿನ್ನರ್ ಹಾಕಿ ಒರೆಸ್ಬೇಡಿ, ಸಾಬೂನು ನೀರು ಸಾಕು. ಜೂನ್ ಬಂದ್ರೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹೆಲ್ಮೆಟಿನ ಪ್ಯಾಡಿಗೆ ಬೂಷ್ಟು ಬರದೆ ಇರ್ತದಾ, ಹಾಗಾಗಿ ತೆಗೆದು ತೊಳೆಯುವ ಪ್ಯಾಡ್ ಇರುವುದೇ ನೋಡಿ, ಫ್ಯಾನಿನ ಕೆಳಗೆ ಒಣಗಿಸಿ.

ಆನ್‌ಲೈನಲ್ಲೇ ತರ್ಸುವುದಾದ್ರೆ ವಾಪಸು ತಗೊಳ್ತಾರಾ ಅಂತ ಮೊದಲು ನೋಡಿ. ಬಂದ ದಿನ ಚೀಟಿ ಹರಿಯದೆ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಅಡಿಗೆ ಮನೆ ಕೆಲಸ ಮಾಡಿ, ಮನೆಯವರು ನಗ್ತಾರೆ, ನಗ್ಲಿ. ತೆಗೆದು ಕನ್ನಡಿ ನೋಡಿ, ಹಣೆ ಸುತ್ತ ಸಮವಾಗಿ ತೆಳು ಗುರುತಿದ್ರೆ ಸರಿ, ಒಂದೇ ಕಡೆ ಕೆಂಪಾಗಿ ನೋಯ್ತಾ ಇದ್ರೆ ಅದೇ ದಿನ ಪ್ಯಾಕ್ ಮಾಡಿ ಕಳ್ಸಿ. ನಾನು ವಾಪಸು ಕಳ್ಸುವ ತಾರೀಕು ದಾಟಿಸಿದ್ದೆ. ಒಂದು ಸಲವೂ ಬೀಳದ ಆ ಗುಲಾಬಿ ಹೆಲ್ಮೆಟ್ ಈಗ ತಂಗಿಯ ಮಗಳಿಗೆ ಹೋಗಿದೆ, ಕೊಡುವ ಮೊದಲು ಟೇಪು ಹಿಡಿದು ನೋಡಿದೆ, ಅವಳದ್ದು ಸರಿಯಾಗಿ 54.