ಪುಂಡಿ ಪಲ್ಯ ಯಾವ ಪಾತ್ರೆಯಲ್ಲಿ?

ಹೋದ ವಾರ ಸಂತೆಯಿಂದ ಎರಡು ಕಟ್ಟು ಪುಂಡಿ ಸೊಪ್ಪು ತಂದಿದ್ದೆ, ಒಳ್ಳೆ ಹುಳಿ ಸೊಪ್ಪು ಅದು. ಸೊಸೆ ಕೈಗೆ ಸಿಕ್ಕ ಅಲ್ಯೂಮಿನಿಯಂ ಬೋಗುಣಿಯಲ್ಲಿ ಪಲ್ಯ ಮಾಡಿದಳು. ಉಳಿದದ್ದು ರಾತ್ರಿಯಿಡೀ ಅದರಲ್ಲೇ ಇತ್ತು. ಬೆಳಿಗ್ಗೆ ತೊಳೆಯಲು ತೆಗೆದರೆ, ಪಲ್ಯ ನಿಂತಿದ್ದ ಮಟ್ಟದವರೆಗೆ ಬೋಗುಣಿ ಹೊಸದರಂತೆ ಹೊಳೆಯುತ್ತಿತ್ತು. ಅದರ ಮೇಲೆ ಹಳೆಯ ಮಬ್ಬು ಹಾಗೇ ಇತ್ತು. ನಡುವೆ ಗೆರೆ ಎಳೆದಂತಿತ್ತು. "ಎಷ್ಟು ಚಂದ ಬೆಳಗಿದೆ ನೋಡಿ ಅತ್ತೆ" ಅಂದಳು. ಬೆಳಗಿದ್ದೇನೋ ನಿಜ. ಆದರೆ ಮೇಲಿದ್ದ ಪದರ ಎಲ್ಲಿಗೆ ಹೋಯಿತು? ಪಲ್ಯಕ್ಕೇ ಹೋಯಿತು.

ಮೊಮ್ಮಗಳು ಹತ್ತನೇ ಕ್ಲಾಸು. ಅವಳ ವಿಜ್ಞಾನ ಪುಸ್ತಕದಲ್ಲಿ ಲೋಹಗಳ ಪಾಠ ಬಂದಿದೆ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಪಾದರಸ, ಬೆಳ್ಳಿ, ಚಿನ್ನ ಅಂತ ಮಗ್ಗಿಯ ಹಾಗೆ ಒಪ್ಪಿಸುತ್ತಾಳೆ. ಮೇಲಿರುವವು ಬೇಗ ಬೇರೆಯದರ ಜೊತೆ ಸೇರಿಕೊಳ್ಳುತ್ತವೆ, ಕೆಳಗಿರುವವು ಸುಲಭಕ್ಕೆ ಜಗ್ಗುವುದಿಲ್ಲ. ಸೋಡಿಯಂ ಅಂತೂ ಗಾಳಿ, ನೀರು ಎರಡೂ ತಾಗಬಾರದು ಅಂತ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಅದು ನಮ್ಮ ಅಡುಗೆಮನೆಗೆ ಬರುವುದಿಲ್ಲ ಬಿಡಿ. ನಮಗೆ ಬೇಕಾದದ್ದು ಒಂದೇ ಗುರುತು. ಸೀಸಕ್ಕೂ ತಾಮ್ರಕ್ಕೂ ನಡುವೆ ಹೈಡ್ರೋಜನ್ ಅಂತ ಬರೆದಿರುತ್ತಾರೆ. ಅದಕ್ಕಿಂತ ಮೇಲಿನವು ಹುಳಿಗೆ ಬಿಟ್ಟುಕೊಡುವ ಜಾತಿ.

ಹಾಗಾದರೆ ಪಟ್ಟಿಯಲ್ಲಿ ಅಷ್ಟು ಮೇಲಿರುವ ಅಲ್ಯೂಮಿನಿಯಂ ಪಾತ್ರೆ ದಿನಾ ಹೇಗೆ ಬಾಳುತ್ತದೆ? ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಕಬ್ಬಿಣದ ಜಂಗಿನ ಹಾಗೆ ಉದುರುವುದಿಲ್ಲ, ಗಟ್ಟಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಹುಣಸೆಹುಳಿ, ಪುಂಡಿ, ಉಪ್ಪು ಈ ಪದರವನ್ನು ತಿನ್ನುತ್ತವೆ. ಸೋಡಾ ಪುಡಿ ಹಾಕಿ ತಿಕ್ಕಿದರೂ ಅದೇ ಗತಿ, ಪಾತ್ರೆ ಕಪ್ಪಾಗುತ್ತದೆ. ಅನ್ನಕ್ಕೆ, ನೀರು ಕಾಯಿಸುವುದಕ್ಕೆ ಅಲ್ಯೂಮಿನಿಯಂ ಇರಲಿ. ಪುಂಡಿ ಪಲ್ಯ, ಹುಳಿಸಾರು ಮಣ್ಣಿನ ಗಡಿಗೆಯಲ್ಲೋ ಸ್ಟೀಲಿನಲ್ಲೋ ಮಾಡಿ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯೇ ಸರಿ. ಇನ್ನೊಂದು ಮಾತು, ಚಿತ್ರಾನ್ನದ ಸ್ಟೀಲ್ ಡಬ್ಬಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ರಾತ್ರಿ ಇಡಬೇಡಿ. ಹುಳಿ, ಉಪ್ಪು, ಎರಡು ಲೋಹ ಒಂದೇ ಕಡೆ ಸೇರಿದರೆ ಬೆಳಿಗ್ಗೆ ಫಾಯಿಲ್ ತುಂಬಾ ಸೂಜಿ ಚುಚ್ಚಿದಂಥ ತೂತು.

ತಾಮ್ರ ಪಟ್ಟಿಯಲ್ಲಿ ಕೆಳಗಿದೆ, ಹುಳಿಗೆ ಜಗ್ಗಬಾರದು ಅಲ್ವಾ? ಮೊಮ್ಮಗಳೂ ಹಾಗೇ ವಾದ ಮಾಡಿದಳು. ಅದು ಹುಳಿಯೊಂದಕ್ಕೇ ಜಗ್ಗುವುದಿಲ್ಲ, ನಿಜ. ಆದರೆ ಹುಳಿಯ ಜೊತೆ ಗಾಳಿಯೂ ಸೇರಿದರೆ ನಿಧಾನಕ್ಕೆ ಕಿಲುಬು ಕಟ್ಟುತ್ತದೆ. ಅದಕ್ಕೇ ತಾಮ್ರದ ತಂಬಿಗೆಯಲ್ಲಿ ನೀರು ಇಡಬಹುದು, ಮಜ್ಜಿಗೆ ಇಡಬಾರದು. ತಂಬಿಗೆ ತೊಳೆಯುವಾಗ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜಿ. ಮೇಲಿನ ಕಪ್ಪು ಕರಗಿ ಹೋಗುತ್ತದೆ. ಉಜ್ಜಿ ಹಾಗೇ ಬಿಟ್ಟು ಟಿವಿ ಮುಂದೆ ಕೂತರೆ ಮತ್ತೆ ಹಸಿರು ಹತ್ತುತ್ತದೆ. ಕೂಡಲೇ ತೊಳೆದು ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಹಿತ್ತಾಳೆಯಲ್ಲಿ ಅಡುಗೆ ಮಾಡುವುದಾದರೆ ಒಳಗೆ ಕಲಾಯಿ ಇರಲೇಬೇಕು. ನಾನು ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ಕಲಾಯಿ ಹಾಕುವವರು ಓಣಿಗೇ ಬರುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎಸೆದರೆ ಬಿಳೀ ಹೊಗೆ ಏಳುತ್ತಿತ್ತು. ತವರದ ಚೂರು ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಎಳೆದರೆ ಹಳದಿ ಪಾತ್ರೆಯ ಒಳಗೆಲ್ಲಾ ಬೆಳ್ಳಗಾಗುತ್ತಿತ್ತು. ನಾವು ಮಕ್ಕಳ ಹಾಗೆ ಸುತ್ತ ನಿಂತು ನೋಡುತ್ತಿದ್ದೆವು. ಈಗಲೂ ಯಾರಾದರೂ ಸಿಕ್ಕರೆ ಹಾಕಿಸಿ. ಶುದ್ಧ ತವರವೇ ತಾನೇ ಅಂತ ಕೇಳಿ, ಸೀಸ ಬೆರೆಸಿದ್ದು ವಿಷ.

ರೊಟ್ಟಿ ಹಂಚಿಗೆ ಜಾಸ್ತಿ ಹೇಳುವುದೇನಿಲ್ಲ. ತೊಳೆದ ಮೇಲೆ ಒಲೆಯ ಮೇಲಿಟ್ಟು ಪೂರಾ ಒಣಗಿಸಿ ಎಣ್ಣೆ ಕೈ ಆಡಿಸಿ. ನೀರು, ಗಾಳಿ ಎರಡರಲ್ಲಿ ಒಂದನ್ನು ತಡೆದರೂ ಜಂಗು ಹತ್ತುವುದಿಲ್ಲ.

ಜಿಂಕ್ ಬಕೆಟ್ ವಿಷಯ ಮಾತ್ರ ಮರೆಯುವ ಹಾಗಿಲ್ಲ. ಒಂದು ಮದುವೆಯಲ್ಲಿ ಹೊಸ ಬಕೆಟ್ ಚಂದ ಕಾಣುತ್ತದೆ ಅಂತ ಹುಳಿ ಮಜ್ಜಿಗೆಯನ್ನು ಬೆಳಿಗ್ಗೆಯೇ ಅದರಲ್ಲಿ ತುಂಬಿಟ್ಟಿದ್ದೆವು. ಮಧ್ಯಾಹ್ನ ಕುಡಿದವರಿಗೆ ವಾಂತಿ ಶುರುವಾಯಿತು, ನನಗೂ. ಕಬ್ಬಿಣದ ಮೇಲೆ ಸತು ಹಚ್ಚುವುದೇ ಅದು ಮೊದಲು ತಾನು ಕರಗಿ ಕಬ್ಬಿಣ ಉಳಿಸಲಿ ಅಂತ. ನೀರಿಗೆ ಅದು ಒಳ್ಳೆಯ ಬಕೆಟ್. ಹುಳಿ ಹಾಕಿದರೆ ಸತು ಮಜ್ಜಿಗೆಯಲ್ಲೇ ಕರಗುತ್ತದೆ.

ಬೆಳ್ಳಿ ಗೆಜ್ಜೆ ಕಪ್ಪಾಗಿದ್ದರೆ ಹಲ್ಲಿನ ಪುಡಿ ಹಾಕಿ ತಿಕ್ಕಿ ಸವೆಸಬೇಡಿ. ಗಾಜಿನ ಬಟ್ಟಲಿನ ತಳಕ್ಕೆ ಫಾಯಿಲ್ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಡಿ. ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ಉಪ್ಪು ಹಾಕಿ ಕುದಿಯುವ ನೀರು ಸುರಿಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ. ಅದು ಬೆಳ್ಳಿಗೆ ಹತ್ತಿದ್ದ ಗಂಧಕ. ಅಲ್ಯೂಮಿನಿಯಂ ಅದನ್ನು ಬಿಡಿಸುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಹರಳು ಕೂರಿಸಿದ್ದಕ್ಕೆ ಈ ಉಪಾಯ ಬೇಡ.

ಚಿನ್ನಕ್ಕೆ ಇಂಥ ರಗಳೆಯೇ ಇಲ್ಲ. ನನ್ನ ತವರು ಲಿಂಗಸುಗೂರು ಕಡೆ. ಹಟ್ಟಿ ಗಣಿಯ ಕಲ್ಲಿನೊಳಗೆ ಚಿನ್ನ ಚಿನ್ನವಾಗಿಯೇ ಇರುತ್ತದೆ. ಸಂಡೂರಿನ ಗುಡ್ಡದಲ್ಲಿ ನೋಡಿ, ಕಬ್ಬಿಣ ಕೆಂಪು ಕಲ್ಲಾಗಿ ಕೂತಿದೆ. ಕುಲುಮೆಗೆ ಹಾಕಿದರೇ ಅದು ಕಬ್ಬಿಣವಾಗುವುದು.

ಪಟ್ಟಿಯಲ್ಲಿ ಮೇಲಿನ ಲೋಹ ಕೆಳಗಿನದನ್ನು ದ್ರಾವಣದಿಂದ ಹೊರಗೆ ತಳ್ಳುವುದನ್ನು ಮೊಮ್ಮಗಳಿಗೆ ಕಣ್ಣಾರೆ ತೋರಿಸಿದ್ದು ಕುಷ್ಟಗಿ ಹತ್ತಿರದ ನಮ್ಮ ದಾಳಿಂಬೆ ತೋಟದಲ್ಲಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುತ್ತಿದ್ದರು. ಮೈಲುತುತ್ತ ಕರಗಿಸಲು ಪ್ಲಾಸ್ಟಿಕ್ ಡ್ರಮ್ಮೇ ಬೇಕು. ತಗಡಿನ ಬಕೆಟ್ ಆದರೆ ಬಕೆಟ್ಟೂ ಹಾಳು, ಔಷಧವೂ ಹಾಳು. ಎರಡೂ ಬೆರೆಸಿದ ಮೇಲೆ ನಮ್ಮ ಆಳು ಕುಡಗೋಲನ್ನು ಕಲ್ಲಿಗೆ ಉಜ್ಜಿ ಬೆಳಗಿಸಿ ದ್ರಾವಣದಲ್ಲಿ ಅದ್ದಿ ಹಿಡಿದ. ಸ್ವಲ್ಪ ಹೊತ್ತಿಗೆ ತೆಗೆದರೆ ಅಲಗಿನ ಮೇಲೆ ತೆಳ್ಳಗೆ ಕೆಂಪು ಲೇಪ. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂತಿತ್ತು. "ಅಜ್ಜಿ, ಪುಸ್ತಕದಲ್ಲಿ ಮೊಳೆ ಇದೆ, ಇಲ್ಲಿ ಕುಡಗೋಲು!" ಅಂತ ಅವಳು ಬೆರಳಿಂದ ಕೆರೆದು ನೋಡಿದಳು. ಹಾಗೆ ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ, ಎಲೆ ಸುಡುತ್ತದೆ. ಇನ್ನೆರಡು ಚೊಂಬು ಸುಣ್ಣದ ತಿಳಿ ಸುರಿದು, ಕುಡಗೋಲನ್ನು ಮತ್ತೆ ಉಜ್ಜಿ ಬೆಳಗಿಸಿ ಅದ್ದಿದೆವು. ಈ ಸಲ ಕುಡಗೋಲು ಬೆಳ್ಳಗೇ ಇತ್ತು.