ತೂಕದ ಪಟ್ಟಿ ಹಿಡಿದು ಮಹಶೀರ್ ಹುಡುಕಿದ್ದು

ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಎಂದಿನಿಂದ ಕಡಿಮೆಯಾಯಿತು ಎಂದು ಹುಡುಕುವವರಿಗೆ ಮೊದಲು ಸಿಗುವುದು ದೊಡ್ಡ ದೊಡ್ಡ ತೂಕಗಳು. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೊ. ಅದೇ ವಾರ ಬರಿಗೈಯಲ್ಲಿ ಮನೆಗೆ ಹೋದವರ ಲೆಕ್ಕ ಎಲ್ಲಿಯೂ ಇಲ್ಲ. ಹಾಗಾಗಿ ಇಂಥ ತೂಕಗಳನ್ನು ಸಾಲಾಗಿಟ್ಟು ಇಳಿಕೆಯ ಗೆರೆ ಎಳೆಯುವ ಗೋಜಿಗೆ ನಾನು ಹೋಗಲಿಲ್ಲ. ಈ ಹೊಳೆ ಇಷ್ಟು ದೊಡ್ಡ ಮೀನನ್ನು ಸಾಕುತ್ತಿತ್ತು ಎಂಬುದಕ್ಕೆ ಸಾಕ್ಷಿ ಎಂದು ಮಾತ್ರ ಇಟ್ಟುಕೊಂಡೆ.

ಅದಕ್ಕೂ ಹಿಂದಿನದು ಬ್ರಿಟಿಷ್ ಕಾಲದ ಮೀನು ತಜ್ಞ ಫ್ರಾನ್ಸಿಸ್ ಡೇ ಅವರ 1873ರ ಸಿಹಿನೀರಿನ ಮೀನುಗಾರಿಕೆಯ ವರದಿ. ಅವರು ಆಯಾ ಸೀಮೆಯ ಅಧಿಕಾರಿಗಳಿಂದ ಉತ್ತರ ತರಿಸಿಕೊಂಡಿದ್ದರು: ಮೀನು ಹೆಚ್ಚಿದೆಯೋ ಕಡಿಮೆಯಾಗಿದೆಯೋ, ಬಲೆಯ ಕಣ್ಣು ಎಷ್ಟು ಸಣ್ಣದು, ಮರಿಗಳನ್ನೂ ಹಿಡಿಯುತ್ತಾರೆಯೇ ಎಂದು. ಮೊದಲ ಪ್ರಶ್ನೆಯ ಉತ್ತರವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ; ಕಂದಾಯ ವಸೂಲಿಯ ನಡುವೆ ಯಾವ ಅಧಿಕಾರಿಯೂ ಮೀನು ಎಣಿಸಿರಲಾರ. ಬಲೆಯ ಕಣ್ಣಿನ ಮಾತು ಬೇರೆ. ಅದು ಬೆರಳಿಟ್ಟು ಅಳೆಯಬಹುದಾದ ಸಂಗತಿ.

ಲೆಕ್ಕ ಹಾಕುವುದಕ್ಕೆ ನಿಜವಾಗಿ ಒದಗಿದ್ದು ಕಾವೇರಿ ದಂಡೆಯ ಗಾಳಿಬೋರೆಯ ಗಾಳದ ಶಿಬಿರದ ದಾಖಲೆ. ಅಲ್ಲಿ ಗಾಳಕ್ಕೆ ಬಿದ್ದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುತ್ತಿದ್ದರು. ಎಷ್ಟು ತಾಸು ಗಾಳ ಹಾಕಿದರು ಎಂಬುದೂ ಬರವಣಿಗೆಯಲ್ಲಿತ್ತು, ಅದೇ ಅದರ ಬೆಲೆ. ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ 1998ರಿಂದ 2012ರವರೆಗೆ 23,620 ತಾಸುಗಳಲ್ಲಿ 6,161 ಮಹಶೀರ್ ಸಿಕ್ಕಿವೆ. ತಾಸಿಗೆ ಸಿಗುವ ಮೀನಿನ ಸಂಖ್ಯೆ ವರ್ಷ ಕಳೆದಂತೆ ಏರಿದೆ, ಸರಾಸರಿ ತೂಕ ಇಳಿದಿದೆ. ಸಂಖ್ಯೆಯೊಂದನ್ನೇ ನೋಡಿದವರು ಹೊಳೆ ಸುಭಿಕ್ಷವಾಗಿದೆ ಎಂದುಕೊಂಡಾರು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆಸಿ ಹೊರಗಿನಿಂದ ತಂದು ಬಿಟ್ಟ ಜಾತಿ ಅದು. ಕಾವೇರಿಯದೇ ಆದ ಗೂನುಬೆನ್ನಿನದು ಅದೇ ಅವಧಿಯಲ್ಲಿ ಕರಗುತ್ತಿತ್ತು.

ಹಳೆಯ ಪಟ್ಟಿಗಳಲ್ಲಿ ಜಾತಿ ಬರೆದಿರುವುದಿಲ್ಲ. ಅದಕ್ಕೇ ಫೋಟೊಗಳ ಮೊರೆಹೋದೆ. ಮೂತಿಯಿಂದ ಬೆನ್ನಿನ ರೆಕ್ಕೆಯ ಬುಡಕ್ಕೆ ಸ್ಕೇಲ್ ಇಟ್ಟು, ತಲೆಯ ಹಿಂದೆ ಬೆನ್ನು ಥಟ್ಟನೆ ಮೇಲೇಳುತ್ತದೆಯೇ ಎಂದು ನೋಡುತ್ತೇನೆ. ಬಣ್ಣದ ಫೋಟೊ ಆದರೆ ಬಾಲದ ಕಿತ್ತಳೆ ಬಣ್ಣವೂ ನೆರವಿಗೆ ಬರುತ್ತದೆ. ಎಳೆಯ ಮೀನಿಗೆ ಗೂನು ಎದ್ದು ಕಾಣುವುದಿಲ್ಲ, ಆದ್ದರಿಂದ ಕಪ್ಪುಬಿಳುಪು ಫೋಟೊದ ಸಣ್ಣ ಮೀನುಗಳೆಲ್ಲ ‘ತಿಳಿಯದು’ ಎಂಬ ಕಾಲಮ್ಮಿಗೆ ಹೋಗುತ್ತವೆ. ಆ ಕಾಲಮ್ಮು ದಪ್ಪಗಾದಷ್ಟೂ ಗೂನುಬೆನ್ನು, ನೀಲಿ ರೆಕ್ಕೆ ಎಂಬ ಉಳಿದೆರಡು ಕಾಲಮ್ಮುಗಳ ಮೇಲೆ ನನಗೆ ನಂಬಿಕೆ. ಫೋಟೊ ನೋಡಿ ಗಾತ್ರ ಅಳೆಯುವುದಿಲ್ಲ. ಮೀನನ್ನು ಕ್ಯಾಮೆರಾದತ್ತ ಚಾಚಿ ಹಿಡಿಯುವ ಚಾಳಿ ಇಂದಿನದಲ್ಲ.

ಮುತ್ತತ್ತಿಯ ಕಡೆಯ ಹಿರಿಯರನ್ನು ಕೇಳುವಾಗ ‘ಮೊದಲು ಹೆಚ್ಚಿತ್ತೇ’ ಎನ್ನುವುದಿಲ್ಲ. ಹೌದು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಯಾವ ಮಡುವಿನಲ್ಲಿ, ರಾಗಿ ಹಿಟ್ಟಿನ ಉಂಡೆಗೋ ಬಲೆಗೋ, ಮಗಳ ಮದುವೆಗೆ ಮುಂಚೆಯೋ ಆಮೇಲೋ ಎಂದು ಕೇಳುತ್ತೇನೆ. ‘ದೊಡ್ಡ ಮೀನು’ ಎಂದರೆ ಎಷ್ಟು ಕಿಲೊ ಎಂದು ಅಜ್ಜನನ್ನೂ ಮೊಮ್ಮಗನನ್ನೂ ಬೇರೆ ಬೇರೆಯಾಗಿ ಕೇಳಿ, ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳುತ್ತೇನೆ. ಅಜ್ಜ ಲೆಕ್ಕಕ್ಕೇ ಹಿಡಿಯದ ತೂಕ ಮೊಮ್ಮಗನಿಗೆ ದೊಡ್ಡದು.

ಕನ್ನಂಬಾಡಿ ಕಟ್ಟೆ ಮುಗಿದು, 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲಿನ ದಶಕಗಳೇ ನನ್ನ ಪಟ್ಟಿಯಲ್ಲಿ ತೀರಾ ಬಡವಾಗಿವೆ. 2018ರಲ್ಲಿ ಈ ಮೀನು ಟಾರ್ ರೆಮಾದೇವಿ ಎಂಬ ಜಾತಿಯೇ ಎಂದು ಖಚಿತವಾಗಿ, ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಆದರೆ ಅಭಯಾರಣ್ಯದಲ್ಲಿ ಗಾಳ ಹಾಕುವುದು ನಿಂತಾಗ ಗಾಳಿಬೋರೆಯ ಬರವಣಿಗೆಯೂ ನಿಂತಿತ್ತು. ಈಗ ಹಳೆಯ ಬಂಗಲೆಗಳ ಗೋಡೆಗೆ ತೂಗುಹಾಕಿರುವ ಮೀನಿನ ತಲೆಗಳನ್ನು ನೋಡುತ್ತಿದ್ದೇನೆ. ಕೆಳಗಿನ ಫಲಕದಲ್ಲಿ ಹೊಳೆಯ ಹೆಸರು, ಇಸವಿ ಎರಡೂ ಇದ್ದರೆ ಮಾತ್ರ ಪಟ್ಟಿಗೆ ಸೇರಿಸುತ್ತೇನೆ.